ಕ್ಯಾಪ್ಟನ್‌ಗೆ ಹೊತ್ತ ಹರಕೆ

“ಇವ್ನು ಅವ್ನಲ್ಲ ಕಣಜ್ಜಿ! ಎಷ್ಟ್ ಸಲ ಯೋಳ್ಲಿ? ಇದು ಮಿಷನ್ನು ಮಾಡಿರೋ ಕಾಪಿ!”

ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಬಸ್ಸಿನಲ್ಲಿ ಕೋಮಲಳ ದನಿ ತುಸು ಜೋರಾಗಿಯೇ ಕೇಳಿಸಿತು. ಮುಂದಿನ ಸೀಟಿನ ಹೆಂಗಸು, ಮದುವೆ ಗಂಡಿನ ವಿಷಯವೇನೋ ಇರಬೇಕೆಂದು ಕಿವಿ ನಿಮಿರಿಸಿದಳು. ಗಂಡಿನ ವಿಷಯವಾಗಿದ್ದರೆ ಎಷ್ಟೋ ವಾಸಿಯಿತ್ತು. ಇದು ಟೀವಿಯೊಳಗಿನ ಕ್ಯಾಪ್ಟನ್ನನ ವಿಷಯ.

ಅಜ್ಜಿ ಚಿಕ್ಕಬಸಮ್ಮ ಎಲೆಅಡಿಕೆ ಮೆಲ್ಲುತ್ತ, “ಅವ್ನಲ್ಲ ಅಂದ್ರೆ ಅವನಂಗೇ ನಗ್ತಾನಲ್ಲ ಮತ್ತೆ?” ಎಂದಳು.

“ನಗೋದ ಕಾಪಿ ಮಾಡಕಾಗಕಿಲ್ವಾ? ಕತೆ ಬರೆಯೋರ್ಗೆ ಬುದ್ಧಿ ಕೆಟ್ಟದೆ. ಏಳನೇ ಸೀಸನ್ ಗಂಟ ಎಂಗಿತ್ತು! ಈಗ ನೋಡುದ್ರೆ ಸತ್ತೋರ್ನೆಲ್ಲ ಎಬ್ಬುಸ್ತಾ ಕೂತವ್ರೆ. ಇಂಗ್ ಮಾಡುದ್ರೆ ಸಾಯೋದ್ಕೆ ಏನ್ ಬೆಲೆ?”

ಆಕಾಶನೌಕೆಯ ಆ ಧಾರಾವಾಹಿ ಕನ್ನಡದಲ್ಲಿ ಬರತೊಡಗಿ ಹನ್ನೊಂದು ವರ್ಷವಾಗಿತ್ತು. ಲಂಗ ಹಾಕುವ ಕಾಲದಿಂದ ಅಜ್ಜಿಯ ತೊಡೆಗೊರಗಿ ಒಂದು ಕಂತೂ ಬಿಡದೆ ನೋಡಿದವಳು ಕೋಮಲ. ಈಗ ಹನೂರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಮಾತ್ರೆ ಕೊಡುತ್ತಲೇ ಸಿಕ್ಕಿದವರಿಗೆಲ್ಲ ತನ್ನ ಅಭಿಪ್ರಾಯವನ್ನೂ ಕೊಟ್ಟು ಕಳಿಸುತ್ತಿದ್ದಳು. ಹೋದ ವರ್ಷ ಆ ಕ್ಯಾಪ್ಟನ್, ನೌಕೆಯವರನ್ನು ಉಳಿಸಲು ಉರಿಯುವ ಎಂಜಿನ್ ಕೋಣೆಗೆ ನುಗ್ಗಿ ಒಳಗಿನಿಂದ ಬಾಗಿಲು ಹಾಕಿಕೊಂಡುಬಿಟ್ಟ. ಕೋಮಲ ಊಟ ಬಿಟ್ಟು ಮಲಗಿದಳು. ಹೆದರಿದ ಅಜ್ಜಿ ಗೋಡೆಯ ಪಟಕ್ಕೆ ಕೈಮುಗಿದು ಹರಕೆ ಹೊತ್ತೇಬಿಟ್ಟಳು: “ಆ ಪುಣ್ಯಾತ್ಮ ಬದುಕ್ ಬರ್ಲಿ ಮಾದಪ್ಪ, ನನ್ ಮೊಮ್ಮಗಳ ಮುಡಿ ಕೊಡುಸ್ತೀನಿ.” ತನ್ನದೇ ಮುಡಿ ಯಾಕಲ್ಲ ಎಂದರೆ, “ನನ್ ತಲೇಲಿ ಏನದೆ? ಮಾದಪ್ಪ ನಕ್ಬುಟ್ಟಾನು.”

ಟೀವಿಯವನಿಗೆ ಯಾರಾದರೂ ಹರಕೆ ಹೊರುತ್ತಾರೆಯೇ! ಕೋಮಲ ಆಗ ಅಳುವಿನ ನಡುವೆಯೂ ನಕ್ಕಿದ್ದಳು. ಹೊಸ ಸೀಸನ್ನಿನಲ್ಲಿ ಕ್ಯಾಪ್ಟನ್ ಅದೇ ಬಾಗಿಲು ತಳ್ಳಿಕೊಂಡು ಬಂದಾಗ ನಗು ಅಲ್ಲೇ ನಿಂತಿತು. ಬಂದವನು ಅವನೋ, ಮಿಷನ್ನು ಮಾಡಿದ ಕಾಪಿಯೋ ಎಂದು ಕತೆ ಇನ್ನೂ ಬಿಡಿಸಿ ಹೇಳಿರಲಿಲ್ಲ. ಮುಂದಿನ ತಿಂಗಳು ಅವಳ ಮದುವೆ. ಸೊಂಟ ಮುಟ್ಟುವ ಜಡೆ. ಅವರ ಮನೆಯಲ್ಲಿ ಮುಡಿ ಎಂದರೆ ಪೂರಾ ಮುಡಿ. ಕೋಮಲ ಮಗುವಾಗಿದ್ದಾಗ ಜ್ವರ ಗೆದ್ದು ಉಳಿದಳೆಂದು ಅವ್ವ ಶಿವಮ್ಮ ತಲೆ ಬೋಳಿಸಿಕೊಂಡು ಬಂದ ಫೋಟೊ ಇನ್ನೂ ನಡುಮನೆಯಲ್ಲಿದೆ. ಬೋಳುತಲೆ ಹೊತ್ತು ಧಾರೆಗೆ ನಿಲ್ಲುವುದೇ?

ಅಜ್ಜಿ ಒಂದು ದಾರಿ ಬಿಟ್ಟಿದ್ದಳು. “ಆ ಕತೆ ನಂಗಿಂತ ನಿಂಗೆ ಗೊತ್ತು. ಇವ್ನು ಅವ್ನಲ್ಲ ಅಂತ ಮಾದಪ್ಪನ ಮುಂದೆ ಯೋಳ್ಬುಡು. ಕೈಮುಗ್ದು ಸುಮ್ನೆ ವಾಪಸ್ ಬರವ.”

ಹೇಳುವುದೇನು ಮಹಾ! ಆದರೆ ಹೋದ ವಾರದ ಕಂತಿನ ಒಂದು ದೃಶ್ಯ ಕೋಮಲಳನ್ನು ಕಾಡುತ್ತಿತ್ತು. ನೌಕೆಯಲ್ಲಿ ಊಟದ ಹೊತ್ತು. ಬಲಗೈ ಕಳೆದುಕೊಂಡ ಮುದುಕ ಮೆಕ್ಯಾನಿಕ್ಕನ ಲೋಟವನ್ನು ಕ್ಯಾಪ್ಟನ್, ಬೇರೆ ಯಾರ ಜೊತೆಯೋ ಮಾತಾಡುತ್ತಲೇ, ಎಡಕ್ಕೆ ಸರಿಸಿದ. ಮೊದಲಿನಿಂದಲೂ ಹಾಗೇ ಸರಿಸುತ್ತಿದ್ದ. ಅದನ್ನು ಯಾರೂ ಯಾವ ಮಿಷನ್ನಿಗೂ ಹೇಳಿಕೊಟ್ಟಿರಲಿಲ್ಲ. ಕೋಮಲ ಆಗ ನೀರು ಕುಡಿಯುವ ನೆಪ ಮಾಡಿ ಎದ್ದುಹೋಗಿದ್ದಳು.

ಬೆಟ್ಟದಲ್ಲಿ, ಮುಡಿ ತೆಗೆಯುವ ಜಾಗದಲ್ಲಿ, ಅಜ್ಜಿ ನಿಂತು ಅವಳ ಮುಖ ನೋಡಿದಳು.

“ಯೋಳು ಕೂಸೇ. ಅವ್ನಾ, ಅಲ್ವಾ?”

ಕೋಮಲ ಜಡೆಯನ್ನು ಮುಂದಕ್ಕೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗುಡಿಯ ಗೋಪುರ ಎದುರಿಗೇ ಕಾಣುತ್ತಿತ್ತು. ‘ಅಲ್ಲ’ ಎಂದರೆ ಮುಗಿಯಿತು. ಲೋಟ ಸರಿಸಿದ ಆ ಕೈ ಕಣ್ಣಮುಂದೆ ಬಂತು.

“ಅವ್ನೇ ಕಣಜ್ಜಿ,” ಎಂದು ಬಿಕ್ಕಿದಳು. “ಅವ್ನೇ ಬಂದವ್ನೆ.”

ಹೋಗಿ ಮುಡಿ ತೆಗೆಯುವ ಜಡೇಸ್ವಾಮಿಯ ಮುಂದೆ ಕೂತು ಕಣ್ಣು ಮುಚ್ಚಿದಳು.

“ಏನ್ ಅರಕೆ ತಾಯಿ?” ಅವನು ಅಜ್ಜಿಯನ್ನು ಕೇಳಿದ.

“ಸತ್ತೋದ ಅಂತ ಅತ್ತಿದ್ವಿ ಕಣಪ್ಪ. ಬದುಕ್ ಬಂದ.”

“ಅಯ್ಯೋ ನಮ್ಮಪ್ಪ! ಮನೆಯೋರಾ?”

“ಊ. ಅನ್ನೊಂದ್ ವರ್ಸದಿಂದ ನಮ್ ನಡುಮನೇಲೇ ಅವ್ನೆ.”

ಜಡೇಸ್ವಾಮಿ ಗೋಪುರದ ಕಡೆ ಕೈಮುಗಿದ. ಕತ್ತರಿ ಮೂರು ಸಲ ಸದ್ದು ಮಾಡಿತು. “ಆಯ್ತು, ಏಳವ್ವ,” ಎಂದ.

ಕೋಮಲ ತಲೆ ಮುಟ್ಟಿ ನೋಡಿಕೊಂಡಳು. ಜಡೆ ಇದ್ದ ಹಾಗೇ ಇತ್ತು. ನೆಲದ ಮೇಲೆ ಬೆರಳುದ್ದದ ಚೂರು ಕೂದಲು.

“ಇಷ್ಟೇನಾ?”

“ಎಣ್ಮಕ್ಳಿಗೆ ಮೂರ್ ಕತ್ತರಿ ಸಾಕು ಕಣವ್ವ. ಪೂರಾ ಕೊಡ್ತೀನಿ ಅಂತ ಯೋಳ್ಕಂಡಿದ್ರೆ ಮಾತ್ರ ಪೂರಾ.”

“ಪೂರಾ ಅಂತ ನಾ ಯಾವತ್ ಅಂದೆ?” ಎಂದಳು ಅಜ್ಜಿ.

ಅಬ್ಬಾ! ಕೋಮಲಳಿಗೆ ಹೋದ ಜೀವ ಬಂದಂತಾಯಿತು; ಹಿಂದೆಯೇ ಸಿಟ್ಟೂ ಬಂತು. “ಮೊದ್ಲೇ ಯೋಳಕೇನಾಗಿತ್ತು ನಿಂಗೆ? ಒಂದ್ ವಾರದಿಂದ ನಿದ್ದೆ ಮಾಡಿಲ್ಲ ನಾನು!”

“ಮೂರೇ ಕತ್ತರಿ ಅಂತ ಗೊತ್ತಾಗಿದ್ರೆ, ಮುದುಕಿ ಸಮಾಧಾನಕ್ಕೆ ಅವ್ನೇ ಅಂದ್ಬುಡ್ತಿದ್ದೆ ನೀನು. ನಂಗೆ ನಿಜ ಬೇಕಿತ್ತು ಕಣ್ ಮಗ.” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವ್ನು ನಿಜವಾಗ್ಲೂ ಬಂದ್ನೋ ಇಲ್ವೋ ಅಂತ ನಂಗೂ ಒಂದ್ ವಾರದಿಂದ ನಿದ್ದೆ ಇಲ್ಲ.”

ಮರಳುವ ಬಸ್ಸಿನಲ್ಲಿ ಕೋಮಲ ಮೊಬೈಲಿನಲ್ಲಿ ಆ ಊಟದ ದೃಶ್ಯ ಹಾಕಿ, ಲೋಟ ಸರಿಸುವುದನ್ನು ತೋರಿಸಹೊರಟಳು. ಬಸ್ಸು ಮೊದಲ ತಿರುವು ಇಳಿಯುವಷ್ಟರಲ್ಲೇ ಚಿಕ್ಕಬಸಮ್ಮ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಜಡೆಯ ತುದಿ ಅಜ್ಜಿಯ ಮುಷ್ಟಿಯಲ್ಲಿತ್ತು.