ಮುನ್ನೂರು ಅಡಿ ಆಳಕ್ಕೆ ಗುಂಡಣ್ಣನ ಸಹಾಯ

ಮಗಳಿಗೆ ಸಹಾಯ ಮಾಡಲು ಗುಂಡಣ್ಣನನ್ನು ಯಾರೂ ಕರೆದಿರಲಿಲ್ಲ. ಕರೆಯದ ಕಡೆ ಹೋಗಬಾರದೆಂಬ ನಿಯಮ ಮದುವೆಮನೆಗಿರಬಹುದು, ಹೆತ್ತ ಮಗಳ ಕೆಲಸಕ್ಕಿಲ್ಲ ಎಂದು ಹೆಂಡತಿಗೆ ಬುದ್ಧಿ ಹೇಳಿ, ಬೆಳಿಗ್ಗೆ ಏಳಕ್ಕೆಲ್ಲ ತನ್ನ ದೋಣಿ ಬಿಚ್ಚಿಕೊಂಡು ಹೊರಟುಬಿಟ್ಟ.

ಗುಂಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೈದು ವರ್ಷ ಅವನು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಸರೋವರದ ಆಳ ನೋಡಿದವನು. ಗುಂಡಿನ ಬುಡಕ್ಕೆ ಬಳಿದ ಗ್ರೀಸಿಗೆ ಅಂಟಿಕೊಂಡು ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ, "ಇಲ್ಲಿ ಬಿಡಿ ಬಲೆ" ಎಂದರೆ ಮೀನುಗಾರರ ಸಂಘದ ಹನ್ನೆರಡು ದೋಣಿಗಳೂ ಅಲ್ಲೇ ಬಲೆ ಬಿಡುತ್ತಿದ್ದವು. ಆಮೇಲೆ ಮೀನುಗಳು ದಡದ ಸಹವಾಸ ಬಿಟ್ಟು ಆಳಕ್ಕಿಳಿದವು, ಹಗ್ಗ ಸಾಲದಾಯಿತು. "ಇನ್ನು ನೀವು ಮನೇಲಿ ಆರಾಮಾಗಿರಿ ಅಣ್ಣಾ" ಎಂದು ಸಂಘದ ಅಧ್ಯಕ್ಷ ಎಲ್ಲರೆದುರಿಗೆ ಹೇಳಿದ. ಅವತ್ತಿನಿಂದ ಆರಾಮ ಎಂಬ ಮಾತು ಕೇಳಿದರೇ ಗುಂಡಣ್ಣನಿಗೆ ಮೈ ಉರಿಯುತ್ತಿತ್ತು.

ಮಗಳಿಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯ ಮೇಲೆ ಒಂದು ಅಂಗಡಿ. ದೋಣಿಗಳ ಬ್ಯಾಟರಿ, ರೇಡಿಯೊ, ಫಿಶ್‌ಫೈಂಡರ್ ಇತ್ಯಾದಿಗಳ ಮಾರಾಟ, ರಿಪೇರಿ. ಮನೆಯಲ್ಲಿ ಕೂತು ಗೋಡೆ ನೋಡುವ ಅಪ್ಪನನ್ನು ನೋಡಲಾರದೆ ಅವಳು ಅವನ ದೋಣಿಗೂ ಒಂದು ಫಿಶ್‌ಫೈಂಡರ್ ಕೂರಿಸಿಕೊಟ್ಟಳು. ದೋಣಿಯ ಪಕ್ಕಕ್ಕೆ ಇಳಿಬಿಟ್ಟ ಸೆನ್ಸರಿನಿಂದ ನೀರಿನೊಳಕ್ಕೆ ನಮ್ಮ ಕಿವಿಗೆ ಕೇಳದ ಕೂಗು ಹಾಕಿ, ತಳಕ್ಕೋ ಮೀನಿಗೋ ಬಡಿದು ವಾಪಸು ಬಂದ ಸದ್ದನ್ನು ಕೇಳಿಸಿಕೊಂಡು, ಪರದೆಯ ಮೇಲೆ ಚಿತ್ರ ಬರೆಯುವ ಯಂತ್ರ ಅದು. ಮೊದಲ ವಾರ ಗುಂಡಣ್ಣ ಅದನ್ನು ಬೈದ. ಎರಡನೇ ವಾರ ಹಳೇ ಬನಿಯನ್ನಿನಲ್ಲಿ ಒರೆಸತೊಡಗಿದ. ತಿಂಗಳು ಕಳೆಯುವಷ್ಟರಲ್ಲಿ, ದೋಣಿ ದಕ್ಕೆಗೆ ಕಟ್ಟಿದ್ದಾಗಲೂ ಅದನ್ನು ಆರಿಸುತ್ತಿರಲಿಲ್ಲ.

ಈಗ ಸಂಘದವರು ಹನ್ನೆರಡೂ ದೋಣಿಗಳಿಗೆ ಯಂತ್ರ ಹಾಕಿಸಲು ಹೊರಟಿದ್ದರು. ಅವತ್ತು ಒಂದು ದೋಣಿಯಲ್ಲಿ ಪರೀಕ್ಷೆ. ಮುನ್ನೂರು ಅಡಿ ಆಳದಲ್ಲೂ ಚಿತ್ರ ನಿಚ್ಚಳವಾಗಿ ಬಂದರೆ ಕೆಲಸ ಮಗಳಿಗೆ, ಇಲ್ಲದಿದ್ದರೆ ಬೇರೆ ಊರಿನ ದೊಡ್ಡ ಕಂಪನಿಗೆ. ಆ ಕಂಪನಿ ದಕ್ಕೆಗೆ ಕಾಲಿಟ್ಟರೆ ಮಗಳ ಅಂಗಡಿಗೆ ಬೀಗವೇ ಗತಿ. ಇಂಥ ಹೊತ್ತಿನಲ್ಲಿ ಅಪ್ಪನಾದವನು ಪಕ್ಕದಲ್ಲಿರಬೇಡವೆ?

ಪಕ್ಕದಲ್ಲೇ ಇದ್ದ. ಸಂಘದ ದೋಣಿಯಲ್ಲಿ ಮಗಳು, ಅಧ್ಯಕ್ಷ, ಕುಳ್ಳ ಚಾಲಕ ಮತ್ತು ಸಂಘದ ಇನ್ನೂ ನಾಲ್ವರು ಪರದೆಗೆ ಮುಗಿಬಿದ್ದಿದ್ದರು. ಗುಂಡಣ್ಣ ಕೂಗಳತೆಯಲ್ಲಿ ದೋಣಿ ನಿಲ್ಲಿಸಿ ಕತ್ತು ಚಾಚಿದ.

"ಇದೇನಮ್ಮಾ, ಚಿತ್ರದ ತುಂಬ ಓರೆಯಾಗಿ ಚುಕ್ಕೆ ಚುಕ್ಕೆ?" ಎಂದ ಅಧ್ಯಕ್ಷ.

ಮಗಳು ಎಂಜಿನ್ ಆರಿಸಲು ಹೇಳಿದಳು. ಆಳಕ್ಕೆ ಸಣ್ಣ ದನಿ ಇಳಿಯುವುದಿಲ್ಲವಾದ್ದರಿಂದ ಯಂತ್ರದ ಕೂಗು ದಪ್ಪ ದನಿಯಲ್ಲೇ ಇದೆಯೇ ಎಂದು ನೋಡಿದಳು. ಮೇಲಿನ ಇನ್ನೂರು ಅಡಿ ಬಿಟ್ಟು ತಳದ ನೂರು ಅಡಿಯನ್ನಷ್ಟೇ ಪರದೆಯ ತುಂಬ ಹಿಗ್ಗಿಸಿದಳು. ಚುಕ್ಕೆಗಳೂ ಹಿಗ್ಗಿದವು.

ಗುಂಡಣ್ಣನಿಗೆ ತಡೆಯಲಾಗಲಿಲ್ಲ. ಹುಟ್ಟು ಹಾಕಿ ಇನ್ನಷ್ಟು ಹತ್ತಿರ ಬಂದ. ಮಗಳು ತಲೆಯೆತ್ತಿ ಅವನತ್ತ ಕೈ ಬೀಸಿದಳು. ಕರೆಯುತ್ತಿದ್ದಾಳೆ! ಅವನ ಎದೆಯುಬ್ಬಿತು. ಮತ್ತೂ ಹತ್ತಿರ ಬಂದ. ಅವಳು ಎರಡೂ ಕೈ ಬೀಸಿದಳು. ಪಾಪ, ಎಷ್ಟು ಕಷ್ಟದಲ್ಲಿದ್ದಾಳೋ ಎಂದುಕೊಂಡು ಅವನು ದೋಣಿಗೆ ದೋಣಿ ತಾಗಿಸಿಯೇಬಿಟ್ಟ.

"ಇದೇನು, ಪರದೆ ಪೂರ್ತಿ ಚುಕ್ಕೆ ತುಂಬ್ಕೊಳ್ತು!" ಎಂದ ಕುಳ್ಳ ಚಾಲಕ.

"ಸೆನ್ಸರ್ ಒಂದು ಗೇಣು ಕೆಳಗಿಳಿಸು ಪುಟ್ಟಿ," ಎಂದ ಗುಂಡಣ್ಣ. "ಗುಂಡು ಮೇಲೆ ತೇಲಿದ್ರೆ ತಳ ಹೆಂಗೆ ಸಿಗುತ್ತೆ? ನಾನು ಮೂವತ್ತೈದು ವರ್ಷ..."

"ಅಪ್ಪಾ," ಎಂದಳು ಮಗಳು. ಅಧ್ಯಕ್ಷನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. "ಅಮ್ಮನ ಬಿ.ಪಿ. ಮಾತ್ರೆ ಮುಗಿದಿತ್ತು. ತಂದುಕೊಡ್ತೀರಾ?"

"ಈಗ್ಲಾ?"

"ಈಗ್ಲೇ. ಮೆಡಿಕಲ್ ಶಾಪು ಮುಚ್ಚಿಬಿಡುತ್ತೆ."

ಬೆಳಿಗ್ಗೆ ಎಂಟೂವರೆಗೆ ಯಾವ ಮೆಡಿಕಲ್ ಶಾಪು ಮುಚ್ಚುತ್ತದೆ? ಗುಂಡಣ್ಣ ದೋಣಿ ತಿರುಗಿಸಿದ. ಹೆತ್ತ ಮಗಳೂ ಮಾತ್ರೆ ತರಲು ಅಟ್ಟುವ ಕಾಲ ಬಂತಲ್ಲ ಎಂದುಕೊಂಡ. ಎಂಜಿನ್ ಜೋರು ಮಾಡಿ ಅರ್ಧ ದಾರಿ ಬಂದಿರಬೇಕು, ಹಿಂದೆ ನೀರಿನ ಮೇಲಿಂದ ಹೋ ಎಂಬ ಕೂಗು, ಚಪ್ಪಾಳೆ. ಚಿತ್ರ ಬಂದಿತ್ತು. ತಳ ದಪ್ಪ ಗೆರೆಯಾಗಿ, ಅದರ ಮೇಲೆ ಒಂದೊಂದು ಮೀನೂ ತಿದ್ದಿದ ಹುಬ್ಬಿನ ಹಾಗೆ ಬಾಗಿಕೊಂಡು, ಎಣಿಸಿಕೊಳ್ಳುವಷ್ಟು ನಿಚ್ಚಳವಾಗಿ ಬಂತಂತೆ. ಕೆಲಸ ಮಗಳಿಗೇ ಸಿಕ್ಕಿತು.

"ಕೊನೇಲಿ ಏನು ಮಾಡಿದ್ಳು?" ಎಂದು ಗುಂಡಣ್ಣ ದಕ್ಕೆಯಲ್ಲಿ ಕುಳ್ಳ ಚಾಲಕನನ್ನು ಹಿಡಿದು ಕೇಳಿದ.

"ಏನಿಲ್ಲ, ಸೆನ್ಸರ್ ಸ್ವಲ್ಪ ಕೆಳಗಿಳಿಸಿದ್ರು."

ಆಹಾ! ಎಷ್ಟು ಇಳಿಸಿದಳೆಂದೂ ಅವನು ಕೇಳಲಿಲ್ಲ. ಹದಿನೈದು ದಿನ ಊರಿಗೆಲ್ಲ ಡಂಗುರ ಸಾರಿದ. ಕ್ಷೌರದಂಗಡಿಯಲ್ಲಿ ಒಂದು ಗೇಣು, ಟೀ ಅಂಗಡಿಯಲ್ಲಿ ಗೇಣಿನ ಮೇಲೆ ನಾಲ್ಕು ಬೆರಳು. "ಯಂತ್ರ ಅವಳದು, ತಲೆ ನಂದು," ಎನ್ನುತ್ತಿದ್ದ. ಮಗಳ ಮುಂದೆಯೂ ಅಂದ. ಅವಳು ಹೂಂಗುಟ್ಟಿ, ತಟ್ಟೆಯಲ್ಲಿದ್ದುದನ್ನು ಮುಗಿಸಿ ಎದ್ದಳು. ಮಾತ್ರೆಗೆ ಅಟ್ಟಿದ್ದನ್ನು ಗುಂಡಣ್ಣ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಹದಿನಾರನೇ ದಿನ ಅವನು ನಡುನೀರಿಗೆ ಹೋದಾಗ, ಹೊಸ ಯಂತ್ರ ಹಾಕಿಸಿಕೊಂಡ ಸಂಘದ ಒಂದು ದೋಣಿ ಪಕ್ಕಕ್ಕೆ ಬಂದು ನಿಂತಿತು. ಗುಂಡಣ್ಣನ ಪರದೆಯ ಮೇಲೆ ಓರೆಯಾಗಿ ಚುಕ್ಕೆಗಳು ಬಿದ್ದವು. ಸೆನ್ಸರ್ ಒಂದು ಗೇಣು ಇಳಿಸಿದ. ಹೋಗಲಿಲ್ಲ. ಇನ್ನೊಂದು ಗೇಣು ಇಳಿಸಿದ. ಅಷ್ಟರಲ್ಲಿ ಆ ದೋಣಿ ತನ್ನ ಪಾಡಿಗೆ ತಾನು ಹೊರಟುಹೋಯಿತು, ಹೋದಂತೆ ಚುಕ್ಕೆಗಳೂ ಹೋದವು. ತಳ ಮತ್ತು ಮೀನು ಕನ್ನಡಿಯಲ್ಲಿ ಕಂಡಂತೆ ಕಂಡವು.

ಗುಂಡಣ್ಣನಿಗೆ ಅಹಂಕಾರವಿತ್ತೇ ಹೊರತು ದಡ್ಡತನವಿರಲಿಲ್ಲ. ಅವನ ದೋಣಿಗೂ ಸಂಘದ ದೋಣಿಗೂ ಮಗಳು ಕೂರಿಸಿದ್ದು ಒಂದೇ ಬಗೆಯ ಯಂತ್ರ, ಎರಡರದೂ ಒಂದೇ ದಪ್ಪ ದನಿ. ಆಳ ಹೆಚ್ಚಿದಷ್ಟೂ ಯಂತ್ರದ ಕಿವಿ ಚುರುಕು ಮಾಡಬೇಕು, ಕಿವಿ ಚುರುಕಾದಷ್ಟೂ ಪಕ್ಕದವರ ಗದ್ದಲವೂ ಅದಕ್ಕೆ ಕೇಳುತ್ತದೆ. ಅವತ್ತು ಪಕ್ಕದಲ್ಲಿದ್ದವನು ತಾನು, ತನ್ನ ಯಂತ್ರ ಉರಿಯುತ್ತಲೇ ಇತ್ತು. ಕಣ್ಣೆಲ್ಲ ಮಗಳ ಕಡೆಗಿದ್ದದ್ದರಿಂದ ಸ್ವಂತ ಪರದೆಯ ಮೇಲಿನ ಚುಕ್ಕೆಗಳನ್ನೂ ನೋಡಿರಲಿಲ್ಲ. ಅವಳು ಬೀಸಿದ ಕೈ ಬನ್ನಿ ಅಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಎರಡು ದಿನ ಟೀ ಅಂಗಡಿಯ ಕಡೆ ತಲೆಹಾಕಲಿಲ್ಲ.

ಮೂರನೇ ದಿನ ಸಂಘದ ಸಭಾಂಗಣದಲ್ಲಿ ಚಾಲಕರಿಗೆ ಮಗಳ ಪಾಠ. ಮರುದಿನವೇ ಹನ್ನೆರಡು ದೋಣಿಗಳೂ ಒಟ್ಟಿಗೆ ಆಳಕ್ಕೆ ಹೊರಡುವುದಿತ್ತು. ಅಧ್ಯಕ್ಷ ಗುಂಡಣ್ಣನನ್ನು ಕೈಹಿಡಿದು ಕರೆತಂದು, "ಐಡಿಯಾ ಕೊಟ್ಟವರು" ಎಂದು ಮೊದಲ ಸಾಲಿನಲ್ಲೇ ಕೂರಿಸಿದ. ಗುಂಡಣ್ಣನಿಗೆ ಕುರ್ಚಿ ಚುಚ್ಚುತ್ತಿತ್ತು. ಮಗಳು ಗೋಡೆಗೆ ಚಿತ್ರ ಅಂಟಿಸಿ ಹೇಳಲು ಶುರುಮಾಡಿದಳು, ಎರಡು ಮಾತಿಗೊಮ್ಮೆ ಅಪ್ಪನ ಕಡೆ ನೋಡಿ ತಡವರಿಸಿದಳು.

ಕುಳ್ಳ ಚಾಲಕ ಕೈಯೆತ್ತಿದ. "ಅವತ್ತು ಓರೆ ಚುಕ್ಕೆ ಬಂತಲ್ಲ, ಅದು ಯಾಕೆ ಬಂತು?"

"ಅದನ್ನ ಆಮೇಲೆ ಹೇಳ್ತೀನಿ," ಎಂದು ಅವಳು ಮುಂದಿನ ಚಿತ್ರ ತೆಗೆದಳು.

"ಆಮೇಲೆ ಯಾಕಮ್ಮಾ?" ಎಂದ ಅಧ್ಯಕ್ಷ. "ನಾಳೆ ಹನ್ನೆರಡು ಪರದೇಲೂ ಚುಕ್ಕೆ ಬಂದ್ರೆ ಜನ ನಿನ್ನ ಯಂತ್ರಾನೇ ಕೆಟ್ಟದ್ದು ಅಂತಾರೆ. ಈಗ್ಲೇ ಹೇಳು."

ಅವಳು ಅಪ್ಪನ ಕಡೆ ನೋಡಿ, ಕೈಯಲ್ಲಿದ್ದ ಚಿತ್ರವನ್ನು ಸುತ್ತತೊಡಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಂಡಣ್ಣ ಮುಟ್ಟಿ ನೋಡಿಕೊಳ್ಳಲಿಲ್ಲ, ಎದ್ದೇ ನಿಂತ.

"ಅದು ನಾನು," ಎಂದ. "ನನ್ನ ಯಂತ್ರ ಆನ್ ಇತ್ತು. ಪಕ್ಕದಲ್ಲಿ ನಿಂತು ನಾನೇ ಚುಕ್ಕೆ ಹಾಕ್ತಿದ್ದೆ. ಗೇಣೂ ಇಲ್ಲ, ಐಡಿಯಾನೂ ಇಲ್ಲ. ನಾನು ಹೋದೆ, ಚಿತ್ರ ಬಂತು. ಎರಡು ದೋಣಿ ಹತ್ತಿರ ಬಂದ್ರೆ ಒಂದು ಆರಿಸಿ, ಇಲ್ಲಾ ದನಿ ಬದಲಾಯಿಸಿ. ಅಷ್ಟೇ."

ಸಭಾಂಗಣ ನಕ್ಕಿತು. ಕುಳ್ಳ ಚಾಲಕನಂತೂ ಕುರ್ಚಿ ಬಿಟ್ಟು ಕೆಳಕ್ಕೆ ಕೂತು ನಕ್ಕ. ಕ್ಷೌರದಂಗಡಿಗೆ ಇನ್ನೊಂದು ವರ್ಷ ಹೋಗುವ ಹಾಗಿಲ್ಲ ಎಂದು ಗುಂಡಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಟೀ ಬಿಡುವಿನಲ್ಲಿ ಮಗಳು ಮೊಗಸಾಲೆಯಲ್ಲಿ ಸಿಕ್ಕಿದಳು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದ.

"ಮೊದಲನೇ ಚುಕ್ಕೆ ಬಿದ್ದಾಗ್ಲೇ."

"ಆರಿಸಿ ಅಪ್ಪಾ ಅಂತ ಒಂದ್ಮಾತು ಕೂಗೋಕೇನಾಗಿತ್ತು ನಿಂಗೆ? ಕೆಲಸ ಕೈತಪ್ಪಿ ಹೋಗಿದ್ರೆ?"

ಅವಳು ಲೋಟದೊಳಗೆ ನೋಡಿದಳು. "ನಿಮ್ಮಿಂದ ತೊಂದರೆ ಅಂತ ಅಧ್ಯಕ್ಷರ ಮುಂದೆ ಹೇಗಪ್ಪಾ ಹೇಳ್ಲಿ? ಮನೇಲಿರಿ ಅಂತ ಅವರು ಒಂದ್ಸಲ ಅಂದಿದ್ರಲ್ಲ. ನಾನೂ ಅನ್ಬೇಕಿತ್ತಾ?"

ಗುಂಡಣ್ಣನ ಕಣ್ಣು ತುಂಬಿತು. ಒರೆಸಿಕೊಳ್ಳುವ ನೆಪಕ್ಕೆ ಟೀ ಬಿಸಿಯಿದೆ ಎಂದು ಬೈದ. ಆಮೇಲೆ, "ಇನ್ಮೇಲೆ ಏನಿದ್ರೂ ಮುಖದ ಮೇಲೆ ಹೇಳ್ಬಿಡು. ನಾನೇನು ಗಾಜಿನ ಗೊಂಬೆ ಅಲ್ಲ," ಎಂದ.

"ನಿಜವಾಗ್ಲೂ ಹೇಳ್ಲಾ?"

"ಹೇಳು ಅಂದ್ನಲ್ಲ."

"ನೀವು ಮೊದಲನೇ ಸಾಲಲ್ಲಿ ಕೂತಿದ್ರೆ ನಂಗೆ ಮಾತೇ ಹೊರಡಲ್ಲ. ಮನೆಗೆ ಹೋಗಿ ಅಪ್ಪಾ."

ಗುಂಡಣ್ಣ ಅವಳನ್ನೇ ನೋಡಿದ. ನಗುತ್ತಿದ್ದಾಳೇನೋ ಎಂದು ಹುಡುಕಿದ. ನಗುತ್ತಿರಲಿಲ್ಲ. ಲೋಟ ಕಿಟಕಿಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಮೆಟ್ಟಿಲಿಳಿದವನು ಕಾಂಪೌಂಡಿನ ಗೇಟಿನ ಹತ್ತಿರ ನಿಂತ. ಒಳಗೆ ಪಾಠ ಮತ್ತೆ ಶುರುವಾಗಿತ್ತು. ಮಗಳ ದನಿ ಒಂದು ಕಡೆಯೂ ತಡೆಯದೆ, ಯಾರ ಮುಖವನ್ನೂ ನೋಡದೆ, ಕಿಟಕಿಯಿಂದ ಬೀದಿಯವರೆಗೂ ಕೇಳುತ್ತಿತ್ತು. ಅವನಿಗೆ ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು. ಇನ್ನೂ ಎರಡು ನಿಮಿಷ ಕೇಳೋಣವೆಂದು ಆಸೆಯಾಯಿತು. ಕಿಟಕಿಯಿಂದ ತಾನು ಕಂಡೇನು ಎಂಬ ಭಯಕ್ಕೆ ಬೇಗಬೇಗ ಹೆಜ್ಜೆ ಹಾಕಿ ಮನೆಗೆ ಹೋದ.