ಬೈಗುಳ ಬಾರದ ಎರಡು ದಿನ

ದರ್ಜಿಗೂ ನಿವೃತ್ತ ಬಸ್ ಕಂಡಕ್ಟರನಿಗೂ ಮುಖಾಮುಖಿ ಪರಿಚಯವಿರಲಿಲ್ಲ. ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಹಾವು ಮುಂಗುಸಿ. ಮೊದಲೆಲ್ಲ ಜಗಳ ಚುನಾವಣೆಯದು, ರಸ್ತೆ ಗುಂಡಿಯದು. ಕೊನೆಗೆ ಯಾರಾದರೊಬ್ಬರು ಜೋಕು ಹಾಕಿ ಮುಗಿಸುತ್ತಿದ್ದರು. ಜ್ವರ ಊರಿಗೆ ಕಾಲಿಟ್ಟ ಮೇಲೆ ಜೋಕು ನಿಂತಿತು. ಮಾಸ್ಕ್ ಹಾಕಿದವನದು ಒಂದು ಪಕ್ಷ, ಹಾಕದವನದು ಇನ್ನೊಂದು ಎಂದಾಯಿತು. ಅಂಗಡಿ ಮುಚ್ಚಿ ಮನೆಯಲ್ಲೇ ಮಾಸ್ಕ್ ಹೊಲಿಯುತ್ತಿದ್ದ ದರ್ಜಿ ಒಂದು ದಿನ ಸಿಟ್ಟಿನಲ್ಲಿ ಬರೆದ: "ಮಾಸ್ಕ್ ಹಾಕದವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಬೇಡಿ." ಎಂಬತ್ತು ಜನ ಚಪ್ಪಾಳೆ ಒತ್ತಿದರು.

"ಧೈರ್ಯ ಇದ್ರೆ ನೀರಿನ ಟ್ಯಾಂಕ್ ಎದುರು ನಮ್ಮ ಮನೆ ಹಸಿರು ಗೇಟಿಗೆ ಬಂದು ಹೇಳು," ಎಂದ ಮಾಸ್ಕ್ ಹಾಕದ ಕಂಡಕ್ಟರ್.

ಮುಂದಿನ ವಾರ ಕಂಡಕ್ಟರನ ಸದ್ದೇ ಇಲ್ಲ. ಎರಡು ದಿನವಾಯಿತು.

"ಬೈಯೋರಿಲ್ಲ ಅಂತ ಬೇಜಾರಾ?" ಎಂದು ದರ್ಜಿಯ ಹೆಂಡತಿ ನಕ್ಕಳು.

"ಅಲ್ವೇ, ಆ ಮನುಷ್ಯ ಹಲ್ಲುಜ್ಜೋಕೂ ಮೊದ್ಲು ನನ್ನ ಬೈತಿದ್ದ. ಏನೋ ಆಗಿದೆ."

ಅವಳ ನಗು ನಿಂತಿತು. "ಹಾಗಾದ್ರೆ ಹೋಗಿ ನೋಡಿ. ಎರಡು ಮಾಸ್ಕ್ ಹಾಕ್ಕೊಳ್ಳಿ."

ಹಸಿರು ಗೇಟಿಗೆ ಬೀಗವಿರಲಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಮಂಚದ ಪಕ್ಕ ನೆಲದ ಮೇಲೆ ಗೋಡೆಗೊರಗಿ ಕಂಡಕ್ಟರ್ ಉಸಿರಿಗಾಗಿ ಬಾಯಿ ಬಿಡುತ್ತಿದ್ದ. ಒಂಟಿ ಜೀವ.

"ಯಾರು?"

"ಟೈಲರ್. ಬಂದು ಹೇಳು ಅಂದಿದ್ರಲ್ಲ."

ಕಂಡಕ್ಟರ್ ನಗಲು ಹೋಗಿ ಕೆಮ್ಮಿದ. ದರ್ಜಿ ಆಂಬುಲೆನ್ಸಿಗೆ ಫೋನ್ ಮಾಡಿದ. ಅದು ಬರುವವರೆಗೂ ಕಿಟಕಿಯಾಚೆ ನಿಂತು ಮಾತಾಡಿಸುತ್ತಲೇ ಇದ್ದ.

ಸಂಜೆ ಗುಂಪಿನಲ್ಲಿ ಸುದ್ದಿ ಹಾಕಿದ. ಅವನ ಪಕ್ಷದವರೇ ಮೊದಲು ಬರೆದರು: "ಬಿತ್ತಿದ್ದೇ ಬೆಳೀತು." ದರ್ಜಿಯ ಹಳೆಯ ಮಾತನ್ನೇ ಇನ್ನೊಬ್ಬ ಎತ್ತಿ ಅಂಟಿಸಿದ. ಅದರ ಕೆಳಗೆ ಮತ್ತೆ ಚಪ್ಪಾಳೆ. ದರ್ಜಿ ಅದನ್ನು ಮತ್ತೊಮ್ಮೆ ಓದಿದ. ಅಕ್ಷರ ತನ್ನದೇ. ಬರೆಯುವಾಗ ಆ ಹಾಸಿಗೆಯ ಮೇಲೆ ಯಾರ ಮುಖವೂ ಇರಲಿಲ್ಲ.

"ಅದು ನಾನೇ ಬರೆದದ್ದು. ತಪ್ಪಾಯಿತು," ಎಂದು ಹಾಕಿದ. ಈ ಸಲ ಯಾರೂ ಚಪ್ಪಾಳೆ ಒತ್ತಲಿಲ್ಲ. "ನೀವೂ ಆ ಕಡೆ ಸೇರಿದ್ರಾ?" ಎಂದು ಕೇಳಿದರು.

ಹದಿನೈದು ದಿನಕ್ಕೆ ಕಂಡಕ್ಟರ್ ಮನೆಗೆ ಮರಳಿದ. ಮರುದಿನವೇ ಫೋನ್ ಮಾಡಿದ. "ನಿಮ್ಮ ಉಪಕಾರ ಮರೆಯೋಲ್ಲ. ಆದ್ರೆ ಸರ್ಕಾರ ಅಂಗಡಿಗಳನ್ನ ಮುಚ್ಚಿಸಿದ್ದು ಮಾತ್ರ ತಪ್ಪೇ."

"ನನ್ನ ಅಂಗಡೀನೂ ಮುಚ್ಚಿದೆ ಸ್ವಾಮಿ. ಮಾಸ್ಕ್ ವಿಷ್ಯ ಏನಂತೀರಿ?"

"ಅದರಲ್ಲಿ ನಂದು ಸ್ವಲ್ಪ ಹಠ ಜಾಸ್ತಿಯಾಯ್ತು."

ಮುಕ್ಕಾಲು ಗಂಟೆ ವಾದ ಮಾಡಿದರು. ಉಳಿದದ್ದರಲ್ಲಿ ಒಬ್ಬರೂ ಬಗ್ಗಲಿಲ್ಲ. ಕಂಡಕ್ಟರನ ದನಿ ಬಳಲಿದಾಗ ದರ್ಜಿಯೇ, "ನಾಳೆ ಮುಂದುವರಿಸೋಣ, ಈಗ ಮಲಗಿ," ಎಂದು ಫೋನಿಟ್ಟ.