ಎಂಟು ತುಂಡಾದ ಪಾಳಿ ಪಟ್ಟಿ

ನಾನು ಒಂದು ಕಂಪ್ಯೂಟರ್. ಹುಟ್ಟಿದ ಊರು ಯಾವುದೆಂದು ಕೇಳಿದರೆ ತಡವರಿಸುತ್ತೇನೆ. ನನ್ನ ತಲೆ ಒಂದು ದೇಶದ್ದು, ಹೊಟ್ಟೆಯೊಳಗಿನದು ಇನ್ನೊಂದು ದೇಶದ್ದು, ಮೈಮೇಲಿನ ತಗಡು ಮತ್ತೆಲ್ಲಿಯದೋ. ಎಲ್ಲವನ್ನೂ ಕೂಡಿಸಿ ಸ್ಕ್ರೂ ಬಿಗಿದದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಅಲ್ಲಿಂದ ಒಂದು ತಾಸಿನ ದಾರಿಯ ನೂಲಿನ ಗಿರಣಿಗೆ ನನ್ನನ್ನು ಟೆಂಪೋದಲ್ಲಿ ಒಯ್ದರು. ಗಿರಣಿಯ ಟೈಂ ಆಫೀಸಿನಲ್ಲಿ ನನಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ಕಾಯಿನೀರು ಕೀಲಿಮಣೆಯ ಮೇಲೆ ಬಿದ್ದು ಮೂರು ಗುಂಡಿ ಅಂದೇ ಕೆಟ್ಟವು.

ನನ್ನ ಯಜಮಾನ ಟೈಂಕೀಪರ್ ರಾಚಯ್ಯ. ಇಪ್ಪತ್ತು ವರ್ಷ ಪಾಳಿ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದ ಮನುಷ್ಯ. ಎರಡು ಸಾವಿರದ ಮುನ್ನೂರು ಆಳುಗಳು, ದಿನಕ್ಕೆ ಮೂರು ಪಾಳಿ, ಖಾತೆ ಎಂದು ಕರೆಯುವ ಎಂಟು ವಿಭಾಗ. ಅಷ್ಟೂ ಹೆಸರನ್ನು ನನ್ನೊಳಗೆ ತುಂಬಿದರು. ಪ್ರತಿ ತಿಂಗಳ ಪಟ್ಟಿ ತೆರೆಯುವಾಗ ಒಬ್ಬೊಬ್ಬನ ಹೆಸರನ್ನೂ ಎಂಟು ಖಾತೆಯಲ್ಲಿ ಹುಡುಕಿ, ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಬಿಡುವು ಇದೆಯೇ ಎಂದು ನೋಡುತ್ತಿದ್ದೆ. ಇಲ್ಲದಿದ್ದರೆ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದೆ. ಇದಕ್ಕೆಲ್ಲ ನಲವತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ರಾಚಯ್ಯ ಎರಡು ಸಲ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದರು.

ಮ್ಯಾನೇಜರ್ ನಾಡಗೌಡರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ದಿನ ನನ್ನ ಎದುರು ಕುಳಿತು ಸಿಡಿಮಿಡಿಗೊಂಡರು.

"ಇದೇನ್ರಿ ರಾಚಯ್ಯನವರ, ನೀರಿಗಿಳದ ಎಮ್ಮಿ ಆತಲ್ಲ ಇದು! ಒಂದೊಂದು ಖಾತೇದ್ದು ಬ್ಯಾರೆ ಬ್ಯಾರೆ ಪಟ್ಟಿ ಮಾಡಿ ಒಗೀರಿ."

ಪಟ್ಟಿಯನ್ನು ಎಂಟು ತುಂಡು ಮಾಡಿದರು. ಮರುದಿನ ಹತ್ತಿ ಬಾಚುವ ಕಾರ್ಡಿಂಗ್ ಖಾತೆಯ ಪಟ್ಟಿಯನ್ನು ನಾಲ್ಕೇ ಸೆಕೆಂಡಿನಲ್ಲಿ ತೆರೆದು ತೋರಿಸಿದೆ. ನಾಡಗೌಡರು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ಒಂದು ಪಟ್ಟಿ ತೆರೆದಾಗ ಉಳಿದ ಏಳರಲ್ಲಿ ಏನಿದೆ ಎಂಬುದು ನನಗೆ ಕಾಣುತ್ತಿರಲಿಲ್ಲ. ಕೆಂಪು ಗೆರೆ ಬೀಳುವುದೂ ನಿಂತಿತು. ತಪ್ಪುಗಳು ಕಡಿಮೆಯಾದವು ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಕಾಯಂ ಆಳುಗಳಿಗೆ ಇದರಿಂದ ತೊಂದರೆಯಾಗಲಿಲ್ಲ. ಅವರದು ಒಂದೇ ಖಾತೆ. ಬದಲಿ ಆಳುಗಳ ಪಾಡು ಬೇರೆ. ಯಾರು ಬರದಿದ್ದರೂ ಅವರ ಜಾಗಕ್ಕೆ ಇವರು ಹೋಗಬೇಕು, ಆದ್ದರಿಂದ ಇವರ ಹೆಸರು ಎಂಟೂ ಪಟ್ಟಿಯಲ್ಲಿರುತ್ತಿತ್ತು. ವರ್ಷದಲ್ಲಿ ಇನ್ನೂರ ನಲವತ್ತು ಪಾಳಿ ಮಾಡಿದ ಬದಲಿಯನ್ನು ಕಾಯಂ ಮಾಡುವುದು ಆ ಗಿರಣಿಯ ಕಟ್ಟಳೆ. ನಡುವೆ ಒಮ್ಮೆ "ಒಲ್ಲೆ" ಎಂದರೂ ಎಣಿಕೆ ಮೊದಲಿನಿಂದ ಶುರು. ದುಂಡಪ್ಪ ಎಂಬ ಬದಲಿ ಐದು ವರ್ಷದಿಂದ ಇದಕ್ಕಾಗಿ ಹೆಣಗುತ್ತಿದ್ದ. ಆ ವರ್ಷ ಇನ್ನೂರ ಮೂವತ್ತಮೂರು ಮುಟ್ಟಿದ್ದ. ಇನ್ನು ಏಳು ಉಳಿದಿದ್ದವು.

ಒಂದು ಮುಂಜಾನೆ ಏಳಕ್ಕೆ ಮೊದಲು ಅವನು ಟೈಂ ಆಫೀಸಿನ ಕಿಟಕಿಯ ಹತ್ತಿರ ಬಂದ. ತಲೆ, ಹುಬ್ಬುಗಳ ಮೇಲೆಲ್ಲ ಅರಳೆ ಕೂತಿತ್ತು.

"ಅಯ್ಯಾರ, ರಾತ್ರಿ ಪಾಳಿ ವೈಂಡಿಂಗದಾಗ ಮಾಡೇನ್ರಿ. ಈಗ ಕಾರ್ಡಿಂಗಿನ್ಯಾಗೂ ನನ್ನ ಹೆಸರು ಹಚ್ಚ್ಯಾರ. ಕಣ್ಣ ತಗ್ಯಾಕ ಆಗವಲ್ದು. ಇದೊಂದು ತಪ್ಪಸ್ರಿ."

ರಾಚಯ್ಯ ಕಾರ್ಡಿಂಗ್ ಪಟ್ಟಿ ತೆರೆದರು. ನಾನು ನಾಲ್ಕು ಸೆಕೆಂಡಿನಲ್ಲಿ ತೋರಿಸಿದೆ. ಗೆರೆ ಇರಲಿಲ್ಲ.

"ಇಲ್ಲಿ ಎಲ್ಲಾ ಬರೋಬ್ಬರಿ ಐತಲ್ಲೋ. ಮಷೀನ್ ಸುಳ್ಳ ಹೇಳ್ತೈತೇನು? ಒಲ್ಲೆ ಅಂದ್ರ ಹೇಳು, ಒಲ್ಲೆ ಅಂತ ಬರಕೋತೀನಿ."

"ಬ್ಯಾಡ್ರಿ ಅಯ್ಯಾರ, ಬರೀಬ್ಯಾಡ್ರಿ. ಹೋಗ್ತೀನಿ" ಎಂದು ದುಂಡಪ್ಪ ಹೋದ.

ಒಂಬತ್ತೂವರೆಗೆ ಗಿರಣಿಯ ಸದ್ದು ಅರ್ಧ ನಿಂತಿತು. ಹತ್ತಿ ಬಾಚುವ ಯಂತ್ರದ ಹಲ್ಲುಗಳಿಗೆ ಅವನ ಬಲಗೈ ಮೊಣಕೈಯವರೆಗೆ ಸಿಕ್ಕಿತ್ತು. ಅವನೇ ಮೈಮರೆತು ಕೈ ಇಟ್ಟ ಎಂದು ವರದಿ ಬರೆದರು. ಮುಂದಿನ ಮೂರು ದಿನ ಅವನ ಪಾಳಿಗಳಿಗೆ ಗೈರು ಬಿತ್ತು. ಮೂರು ಗೈರಾದ ಬದಲಿಯ ಹೆಸರನ್ನು ಮುಂದಿನ ಪಟ್ಟಿಯಿಂದ ತೆಗೆಯಬೇಕೆಂದು ನನಗೆ ಮೊದಲೇ ಹೇಳಿಟ್ಟಿದ್ದರು. ತೆಗೆದೆ. ಅದಕ್ಕೆ ನಾಲ್ಕು ಸೆಕೆಂಡೂ ಬೇಕಾಗಲಿಲ್ಲ.

ಹತ್ತನೆಯ ದಿನ ಅವನ ಹೆಂಡತಿ ಕಾಶವ್ವ ಆಸ್ಪತ್ರೆಯಿಂದ ನೇರವಾಗಿ ಬಂದಳು.

"ಕೈ ಸಿಕ್ಕ ದಿನದ್ದೂ ಹಿಡದ್ರ ಇನ್ನ ಆರ ಪಾಳಿ ಉಳದಾವಂತ್ರಿ ಅಯ್ಯಾರ. ಎಡಗೈಲೆ ಮಾಡ್ತೀನಿ ಅಂತಾರ. ಹೆಸರೊಂದು ಉಳಸ್ರಿ."

ರಾಚಯ್ಯ ಒಂದೊಂದೇ ಪಟ್ಟಿ ತೆರೆದರು. ಎಂಟರಲ್ಲೂ ಹೆಸರಿರಲಿಲ್ಲ. ಆಗ ಅವರಿಗೆ ಏನನ್ನಿಸಿತೋ, ಕಳೆದ ತಿಂಗಳ ಎಂಟೂ ತುಂಡುಗಳನ್ನು ಕೂಡಿಸಿ ತೆರೆಯಲು ಹೇಳಿದರು. ನಾನು ಒಂದೊಂದೇ ಹೆಸರು ನೋಡುತ್ತ ಹೋದೆ. ಕಾಶವ್ವ ಬಾಗಿಲ ಬಳಿ ನೆಲಕ್ಕೆ ಕೂತಿದ್ದಳು. ರಾಚಯ್ಯ ಅಂದು ಚಹಾಕ್ಕೆ ಎದ್ದು ಹೋಗಲಿಲ್ಲ. ನಲವತ್ತು ನಿಮಿಷವಾದ ಮೇಲೆ ದುಂಡಪ್ಪನ ಹೆಸರು ಬಂತು. ಅದರ ಮೇಲೆ ಒಂದಲ್ಲ, ಹನ್ನೊಂದು ಕೆಂಪು ಗೆರೆ. ಆ ತಿಂಗಳು ಹನ್ನೊಂದು ಸಲ ಅವನು ರಾತ್ರಿ ದುಡಿದು, ಮಲಗದೆ ಹಗಲೂ ದುಡಿದಿದ್ದ.

ಅಷ್ಟರಲ್ಲಿ ನಾಡಗೌಡರು ಒಳಗೆ ಬಂದು ರಾಚಯ್ಯನವರ ಹಿಂದೆ ನಿಂತರು. ಬಗ್ಗಿ ಆ ಗೆರೆಗಳನ್ನು ಎಣಿಸಿದರು.

ಕಾಶವ್ವ ಎದ್ದು ಹತ್ತಿರ ಬಂದಳು. ಅವಳಿಗೆ ಓದು ಬಾರದು, ಬಣ್ಣ ಮಾತ್ರ ಕಂಡಿತ್ತು.

"ಆ ಕೆಂಪಂದು ಏನ್ರಿ ಅಯ್ಯಾರ? ನಮ್ಮವರದೇನ್ರಿ?"

ರಾಚಯ್ಯ ನನ್ನನ್ನು ನೋಡಿದರು, ಹಿಂದೆ ನಿಂತವರ ಕಡೆ ತಿರುಗಿದರು, ಕೊನೆಗೆ ತಮ್ಮ ಕಾಲಿನ ಚಪ್ಪಲಿ ನೋಡಿದರು.

"ಏನಿಲ್ಲವ್ವಾ. ಮಷೀನ್ ಕೆಟ್ಟೈತಿ."

ಹಾಗೆ ಹೇಳಿದ ಮೇಲೆ ನನ್ನನ್ನು ಇಟ್ಟುಕೊಳ್ಳುವಂತಿರಲಿಲ್ಲ. ಸಂಜೆಯೊಳಗೆ ತಂತಿ ಕಿತ್ತರು. ಆ ವಾರವೇ ಗುಜರಿಯವನ ಗಾಡಿ ಹತ್ತಿದೆ. ಈಗ ಒಡೆದ ಫ್ಯಾನು, ತುಕ್ಕು ಹಿಡಿದ ಪೈಪುಗಳ ನಡುವೆ ಬಿದ್ದಿದ್ದೇನೆ. ನನ್ನ ಹೊಟ್ಟೆಯೊಳಗಿನ ತಾಮ್ರಕ್ಕಾಗಿ ನಾಳೆಯೋ ನಾಡಿದ್ದೋ ಸುತ್ತಿಗೆ ಬೀಳುತ್ತದೆ. ಆ ಹನ್ನೊಂದು ಗೆರೆಗಳೂ ಅದರೊಡನೆ ಹೋಗುತ್ತವೆ. ಗಿರಣಿಯಲ್ಲಿದ್ದ ಏಳು ವರ್ಷಗಳಲ್ಲಿ ನಾನು ಬಹಳ ಸಲ ಕೆಟ್ಟಿದ್ದೇನೆ. ಆದರೆ ಕಾಶವ್ವ ಕೇಳಿದ ದಿನ ನಾನು ಕೆಟ್ಟಿರಲಿಲ್ಲ.